ಹಳದಿ ಟೈಲ್ಸ್ ಒಳಗೆ ಕರ್ಕೊಂಡು ಹೋಗುತ್ತೆ, ಬೆಂಕಿ ಬಿದ್ರೆ ಹೊರಗೆ ಕರ್ಕೊಂಡು ಬರುತ್ತಾ?

ಬಳ್ಳಾರಿ ಬಿಳಿಕೋಲು

ಎಲ್ಲರಿಗೂ ನಮಸ್ಕಾರ. ನನಗೆ ಎರಡೂ ಕಣ್ಣು ಕಾಣಲ್ಲ. ಬಳ್ಳಾರಿಯಲ್ಲಿ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಒಂದು ವಿಷಯ ತುಂಬಾ ದಿನದಿಂದ ತಲೆ ತಿನ್ನುತ್ತಿದೆ, ಇಲ್ಲಿ ಕೇಳೋಣ ಅನಿಸಿತು.

ಈಚೆಗೆ ಕಟ್ಟುತ್ತಿರುವ ಕಚೇರಿ, ಆಸ್ಪತ್ರೆ, ನಿಲ್ದಾಣಗಳಲ್ಲಿ ಹಳದಿ ಉಬ್ಬು ಟೈಲ್ಸ್ ಹಾಕುತ್ತಿದ್ದಾರೆ. ಉದ್ದ ಪಟ್ಟಿ ಕಾಲಿಗೆ ಸಿಕ್ಕರೆ ಹೀಗೇ ಮುಂದೆ ನಡಿ ಅಂತ. ಗುಂಡು ಚುಕ್ಕಿ ಸಿಕ್ಕರೆ ನಿಲ್ಲು, ಮುಂದೆ ಮೆಟ್ಟಿಲೋ ತಿರುವೋ ಇದೆ ಅಂತ. ಒಳ್ಳೆ ಕೆಲಸ, ಬೇಡ ಅನ್ನಲ್ಲ. ಆದರೆ ನಾನು ಹೋದ ಕಡೆಯೆಲ್ಲ ಈ ದಾರಿ ಗೇಟಿನಿಂದ ಶುರುವಾಗಿ ವಿಚಾರಣೆ ಕೌಂಟರ್‌ಗೋ ಲಿಫ್ಟ್ ಬಾಗಿಲಿಗೋ ಬಂದು ಮುಗಿದುಹೋಗುತ್ತೆ. ಬೆಂಕಿ ಬಿದ್ದಾಗ ಲಿಫ್ಟ್ ಹತ್ತಬಾರದು, ಅಲ್ವಾ? ಅಂದ್ರೆ ಆ ಹೊತ್ತಿಗೆ ನನ್ನ ಕಾಲಿಗೆ ಗೊತ್ತಿರುವ ಒಂದೇ ದಾರಿ, ಹೋಗಬಾರದ ಜಾಗಕ್ಕೆ ಹೋಗುವ ದಾರಿ.

ಹೋದ ಬೇಸಿಗೆಯಲ್ಲಿ ಒಂದು ಖಾಸಗಿ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಕೂತಿದ್ದೆ. ಪ್ಯಾನೆಲ್ ಬೋರ್ಡ್‌ನಿಂದ ಹೊಗೆ ಬಂತು. ಕರೆಂಟ್ ತೆಗೆದರು. ಜನ ಎದ್ದು ಓಡಿದರು. ನಾನು ಗೋಡೆ ಹಿಡಿದು ಹೊರಟೆ. ಕುರ್ಚಿ ಸಾಲು ಮುಗಿಯಿತು, ನೀರಿನ ಫಿಲ್ಟರ್ ಸಿಕ್ಕಿತು, ಆಮೇಲೆ ಒಂದು ಬಾಗಿಲು. ತೆಗೆದರೆ ಸ್ಪಿರಿಟ್ ವಾಸನೆ. ಅದು ಸ್ಟೋರ್ ರೂಮು. ಮೆಟ್ಟಿಲಿನ ಬಾಗಿಲು ಅದರ ಪಕ್ಕದ್ದು. ಎರಡಕ್ಕೂ ಒಂದೇ ತರದ ಹಿಡಿಕೆ, ಗೋಡೆ ಮೇಲೆ ಬೆರಳಿಗೆ ಸಿಗುವಂಥದ್ದು ಏನೂ ಇಲ್ಲ. ಒಬ್ಬ ಆಯಾ ಅಮ್ಮ ವಾಪಸ್ ಬಂದು ಭುಜ ಕೊಟ್ಟರು. ಯಾರಿಗೂ ಏನೂ ಆಗಲಿಲ್ಲ.

ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ತುರ್ತು ಮೆಟ್ಟಿಲಿನ ತನಕ ಟೈಲ್ಸ್ ಹಾಕಿರುವ ಕಟ್ಟಡ ಯಾರಾದರೂ ನೋಡಿದ್ದೀರಾ? ಹಾಕಿಸಬೇಕಂದ್ರೆ ಯಾರ ಬಾಗಿಲು ತಟ್ಟಬೇಕು?

ಕೊಪ್ಪಳ ಸೈಟ್ ಎಂಜಿನಿಯರ್

ಸರ್, ನಾನು ಮೆಟ್ಟಿಲಿನ ತನಕ ಹಾಕಿದ್ದು ನಮ್ಮ ಕಡೆ ನೋಡಿಲ್ಲ. ಯಾಕೆ ಹೀಗಾಗುತ್ತೆ ಅಂತ ಮಾತ್ರ ಹೇಳಬಲ್ಲೆ. ಡ್ರಾಯಿಂಗ್‌ನಲ್ಲಿ ಎರಡೂ ಬೇರೆ ಬೇರೆ ಹಾಳೆ. ಅಂಗವಿಕಲರ ಸೌಲಭ್ಯ ಅಂದ್ರೆ ರ‍್ಯಾಂಪ್, ಶೌಚಾಲಯ, ಗೇಟಿನಿಂದ ಟೈಲ್ಸ್. ಫೈರ್ ಅಂದ್ರೆ ನೀರಿನ ಪೈಪು, ಸಿಲಿಂಡರ್, ಹಸಿರು ಎಕ್ಸಿಟ್ ಬೋರ್ಡ್. ಎರಡೂ ಹಾಳೆ ಒಟ್ಟಿಗೆ ಇಟ್ಟುಕೊಂಡು, ಕಣ್ಣು ಕಾಣದವರು ಬೆಂಕಿ ಬಿದ್ದರೆ ಯಾವ ಕಡೆ ಹೋಗ್ತಾರೆ ಅಂತ ಕೇಳುವವರು ಯಾರೂ ಇರಲ್ಲ.

ಕಾನೂನಿನ ಬಲ ನಿಮ್ಮ ಕಡೆಯೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಸೆಕ್ಷನ್ 8 ಅಪಾಯದ ಹೊತ್ತಲ್ಲಿ ಸಮಾನ ರಕ್ಷಣೆ ಕೊಡಬೇಕು ಅನ್ನುತ್ತೆ. ಸೆಕ್ಷನ್ 44ರ ಪ್ರಕಾರ ಮಾನದಂಡ ಪಾಲಿಸದ ನಕ್ಷೆಗೆ ಅನುಮತಿಯನ್ನೇ ಕೊಡಬಾರದು, ಕಟ್ಟಿದ ಮೇಲೆ ಕಂಪ್ಲೀಷನ್ ಸರ್ಟಿಫಿಕೇಟ್ ಕೂಡ ಕೊಡಬಾರದು. ಹಳೇ ಸಾರ್ವಜನಿಕ ಕಟ್ಟಡಗಳಿಗೆ ಸೆಕ್ಷನ್ 45ರಲ್ಲಿ 5 ವರ್ಷ ಗಡುವು ಇತ್ತು. ನಿಯಮ ಬಂದಿದ್ದು 2017ರಲ್ಲಿ, ಅಂದ್ರೆ ಗಡುವು 2022ಕ್ಕೇ ಮುಗಿದಿದೆ. ಉಲ್ಲಂಘಿಸಿದರೆ ಮೊದಲ ಸಲ 10 ಸಾವಿರ ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ 50 ಸಾವಿರದಿಂದ 5 ಲಕ್ಷದವರೆಗೆ.

ಇನ್ನೊಂದು ಮುಖ್ಯ ವಿಷಯ. ರಾಜೀವ್ ರಾತುರಿ ಅನ್ನುವ, ಕಣ್ಣು ಕಾಣದವರೊಬ್ಬರು ಹಾಕಿದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ತೀರ್ಪು ಕೊಟ್ಟಿತು. ಮಾನದಂಡಗಳನ್ನು ಬರೀ ಸಲಹೆ ತರ ಇಟ್ಟರೆ ಸಾಲದು, ಕಡ್ಡಾಯ ನಿಯಮ ಮಾಡಿ ಅಂತ ಕೇಂದ್ರಕ್ಕೆ ಹೇಳಿತು. ಅರ್ಜಿ ಬರೆಯುವಾಗ ಇದನ್ನ ಸೇರಿಸಿ.

ನಿವೃತ್ತ ಅಗ್ನಿಶಾಮಕ, ರಾಯಚೂರು

ಬಿಳಿಕೋಲು ಅವರೇ, ಇದನ್ನ ಬರೀ ನಿಮ್ಮ ಸಮಸ್ಯೆ ಅಂತ ತಿಳ್ಕೋಬೇಡಿ. ಹೊಗೆ ತುಂಬಿದ ಕೋಣೆಯಲ್ಲಿ ಎಲ್ಲರೂ ಕುರುಡರೇ. ಟಾರ್ಚ್ ಹಾಕಿದರೂ ಮುಂದೆ ಬಿಳಿ ಗೋಡೆ ನಿಂತ ಹಾಗೆ ಆಗುತ್ತೆ. ನಾವು ಒಳಗೆ ಹೋದವರು ಹೊರಗೆ ಬರುತ್ತಿದ್ದದ್ದು ಹೋಸ್ ಪೈಪ್ ಮೇಲೆ ಕೈಯಾಡಿಸಿಕೊಂಡು. ಪೈಪಿಗೆ ಪೈಪು ಜೋಡಿಸುವ ಕಪ್ಲಿಂಗ್‌ನ ಎರಡು ಅರ್ಧ ಕೈಗೆ ಬೇರೆ ಬೇರೆ ಗೊತ್ತಾಗುತ್ತೆ. ಅದನ್ನ ಮುಟ್ಟಿ ಗಾಡಿ ಯಾವ ಕಡೆ, ಬೆಂಕಿ ಯಾವ ಕಡೆ ಅಂತ ತಿಳಿಯುತ್ತಿದ್ದೆವು. ಕಣ್ಣಿಗೆ ಅಲ್ಲಿ ಕೆಲಸವೇ ಇಲ್ಲ.

ಎಕ್ಸಿಟ್ ಬೋರ್ಡನ್ನು ಬಾಗಿಲ ಮೇಲೆ, ಸೀಲಿಂಗ್ ಹತ್ತಿರ ಹಾಕುತ್ತಾರೆ. ಬಿಸಿ ಹೊಗೆ ಮೊದಲು ಏರುವುದೇ ಅಲ್ಲಿಗೆ. ಎಲ್ಲಕ್ಕಿಂತ ಮೊದಲು ಮರೆಯಾಗುವುದು ಆ ಬೋರ್ಡೇ. ಉಸಿರಾಡೋ ಗಾಳಿ ಉಳಿದಿರೋದು ನೆಲದ ಹತ್ತಿರ, ಅದಕ್ಕೇ ಬಗ್ಗಿ, ತೆವಳಿ ಹೋಗಿ ಅನ್ನುತ್ತೇವೆ. ಹಾಗೆ ಹೋಗುವವನ ಕೈಗೆ ಸಿಗೋದು ನೆಲ ಮತ್ತು ಗೋಡೆಯ ಬುಡ. ದಾರಿ ತೋರಿಸುವ ಗುರುತು ಅಲ್ಲಿರಬೇಕು.

ವಿಮಾನದಲ್ಲಿ ಇದನ್ನ ಅರ್ಥ ಮಾಡಿಕೊಂಡಿದ್ದಾರೆ. 1983ರಲ್ಲಿ ಏರ್ ಕೆನಡಾ ವಿಮಾನದಲ್ಲಿ ಬೆಂಕಿ ಬಿದ್ದು, ಇಳಿದ ಮೇಲೂ ಹೊರಗೆ ಬರಲಾಗದೆ 23 ಜನ ಸತ್ತರು. ಆಮೇಲೆ ನೆಲದುದ್ದಕ್ಕೂ ದೀಪದ ಸಾಲು ಕಡ್ಡಾಯ ಆಯಿತು. ನಮ್ಮಲ್ಲಿ 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಹೋದರು. ಬಾಲ್ಕನಿಯಲ್ಲಿ ಹೆಚ್ಚುವರಿ ಸೀಟು ಹಾಕಿ ಹೊರಹೋಗುವ ದಾರಿ ಮುಚ್ಚಿದ್ದರು. ಅವರನ್ನ ಕೊಂದಿದ್ದು ಹೊಗೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲೂ ಅದೇ ಹೊಗೆ, 9 ಜನ. ನನ್ನ ಮಟ್ಟಿಗೆ ಟೈಲ್ಸ್ ಕೇಳೋಕೆ ಮುಂಚೆ ಬೀಗ ತೆಗೆಸಬೇಕು. ನಮ್ಮ ಜಿಲ್ಲೆಯಲ್ಲಿ ಎಷ್ಟು ಕಲ್ಯಾಣ ಮಂಟಪ, ಎಷ್ಟು ಕೋಚಿಂಗ್ ಕ್ಲಾಸಿನ ಹಿಂದಿನ ಕೊಲ್ಯಾಪ್ಸಿಬಲ್ ಗೇಟಿಗೆ ಬೀಗ ಇರುತ್ತೆ, ನೀವೇ ಹೋಗಿ ನೋಡಿ.

ಸಿಂಧನೂರು ರೈತ

ವಿಷಯ ಒಳ್ಳೇದು, ಆದರೆ ಒಂದು ಮಾತು. ನಮ್ಮೂರ ಶಾಲೆಯ ಶೌಚಾಲಯಕ್ಕೇ ನೀರು ಬರಲ್ಲ. ಇದ್ದ ದುಡ್ಡಲ್ಲಿ ಮೊದಲು ಯಾವುದು? ಇನ್ನೊಂದು, ಆ ಉಬ್ಬು ಟೈಲ್ಸ್ ಮೇಲೆ ನಮ್ಮವ್ವ ಎಡವುತ್ತಾಳೆ. ಮೊಣಕಾಲು ನೋವು, ಕಾಲು ಎತ್ತಿ ಇಡೋಕಾಗಲ್ಲ. ಗಾಲಿಕುರ್ಚಿಯವರಿಗೂ ಗಡಗಡ ಅನ್ನುತ್ತೆ. ಒಬ್ಬರಿಗೆ ಅನುಕೂಲ ಮಾಡೋಕೆ ಹೋಗಿ ಇನ್ನೊಬ್ಬರಿಗೆ ತೊಂದರೆ ಆಗಬಾರದಲ್ಲ?

ಕೊಪ್ಪಳ ಸೈಟ್ ಎಂಜಿನಿಯರ್

ಅಣ್ಣಾ, ನೀವು ಕೇಳಿದ್ದು ನ್ಯಾಯವಾಗಿದೆ. ಒಂದೇ ಅಂತಸ್ತಿನ, ಬಾಗಿಲು ತೆಗೆದರೆ ಅಂಗಳ ಸಿಗುವ ಶಾಲೆಗೆ ಇದೇನೂ ಬೇಡ. ಎರಡು ಬಾಗಿಲು ಬೀಗ ಇಲ್ಲದೆ ಇದ್ದರೆ ಸಾಕು. ಬೇಕಾಗಿರೋದು ಮಹಡಿ ಮೇಲೆ ಮಹಡಿ ಇರುವ ಕಡೆ, ನಡುವೆ ಓಣಿಯಂಥ ಕಾರಿಡಾರ್ ಇರುವ ಕಡೆ.

ಅವ್ವನ ವಿಷಯ. ಪಟ್ಟಿ 300 ಮಿಲಿಮೀಟರ್ ಅಗಲದ್ದು, ಅಂದ್ರೆ ಒಂದಡಿ. ಉಬ್ಬು ಸುಮಾರು 5 ಮಿಲಿಮೀಟರ್. ಕಾರಿಡಾರ್ ಅಗಲ ಇದ್ದರೆ ಒಂದು ಬದಿಗೆ ಹಾಕಿ ಉಳಿದ ನೆಲ ಸಮತಟ್ಟಾಗಿ ಬಿಡಬಹುದು. ಕಿರಿದಾದ ಕಾರಿಡಾರ್‌ನಲ್ಲಿ ನೆಲಕ್ಕೆ ಹಾಕುವ ಬದಲು ಗೋಡೆಗೆ ಹಿಡಿಕಂಬಿ ಹಾಕಿ. ಅವ್ವನಿಗೂ ಹಿಡಿಯೋಕೆ ಆಗುತ್ತೆ, ಕಣ್ಣು ಕಾಣದವರಿಗೆ ದಾರಿಯೂ ಆಗುತ್ತೆ.

ಹಟ್ಟಿ ಗಣಿಯವ

ಹಿಡಿಕಂಬಿ ಅಂದಿದ್ದಕ್ಕೆ ಬರೆಯಬೇಕು ಅನಿಸಿತು. ನಾನು ಹಟ್ಟಿಯಲ್ಲಿ ನೆಲದಡಿ ಕೆಲಸ ಮಾಡುವವನು. ಕ್ಯಾಪ್ ಲ್ಯಾಂಪ್ ಆರಿದರೆ ಕತ್ತಲು ಹೇಗಿರುತ್ತೆ ಅಂತ ನಮಗೆ ಗೊತ್ತು. ಮುಖದ ಮುಂದೆ ಹಿಡಿದ ಕೈ ಕಾಣಲ್ಲ. ಗಣಿ ಸುರಕ್ಷತೆ ಬಗ್ಗೆ ಓದುವಾಗ ತಿಳಿದ ಒಂದು ಉಪಾಯ ಹೇಳ್ತೀನಿ, ಇದು ಯಾವ ಆಸ್ಪತ್ರೆಗೂ ಹೊಂದುತ್ತೆ.

ಅಮೆರಿಕದಲ್ಲಿ 2006ರ ಜನವರಿ 2ರಂದು ಸಾಗೋ ಅನ್ನುವ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟ ಆಗಿ 12 ಜನ ಸತ್ತರು. ಅದೇ ವರ್ಷ ಹೊಸ ಕಾಯ್ದೆ ತಂದರು. ಈಗ ಅಲ್ಲಿಯ ಕಲ್ಲಿದ್ದಲು ಗಣಿಗಳಲ್ಲಿ ಹೊರಹೋಗುವ ದಾರಿಯುದ್ದಕ್ಕೂ ಹಗ್ಗ ಕಟ್ಟಿರಬೇಕು. ಹಗ್ಗಕ್ಕೆ 100 ಅಡಿ ದಾಟದಂತೆ ಒಂದೊಂದು ಶಂಕು ಪೋಣಿಸಿರುತ್ತಾರೆ. ಶಂಕುವಿನ ಚೂಪು ಕಡೆ ಗಣಿಯ ಒಳಮುಖಕ್ಕೆ, ದಪ್ಪ ಕಡೆ ಹೊರಮುಖಕ್ಕೆ. ಹೊರಗೆ ಹೋಗುವವನ ಕೈ ಚೂಪು ತುದಿಯಿಂದ ಏರಿ ಸಲೀಸಾಗಿ ಜಾರಿಕೊಂಡು ಮುಂದೆ ಹೋಗುತ್ತೆ. ಗಾಬರಿಯಲ್ಲಿ ತಪ್ಪು ದಿಕ್ಕಿಗೆ ತಿರುಗಿದವನ ಕೈ ದಪ್ಪ ತಳಕ್ಕೆ ಬಡಿದು ನಿಲ್ಲುತ್ತೆ. ಎರಡು ಶಂಕು ಜೊತೆಗೆ ಸಿಕ್ಕರೆ ಮುಂದೆ ಕವಲು ಹಗ್ಗ ಇದೆ ಅಂತ. ಒಂದು ಗುಂಡು ಸಿಕ್ಕರೆ ಅಲ್ಲಿ ಪಕ್ಕಕ್ಕೆ ಹೋಗುವ ಬಾಗಿಲು ಇದೆ ಅಂತ.

ಇದರಲ್ಲಿ ಓದೋದು ಏನೂ ಇಲ್ಲ. ಬ್ರೈಲ್ ಬರಬೇಕಿಲ್ಲ, ಇಂಗ್ಲಿಷ್ ಬರಬೇಕಿಲ್ಲ, ಕೈಗವಸು ಹಾಕಿದ್ದರೂ ತಿಳಿಯುತ್ತೆ. ಕಾರಿಡಾರ್‌ನ ಹಿಡಿಕಂಬಿಗೆ ಇಂಥದ್ದೇ ಉಬ್ಬು ಕೂರಿಸೋಕೆ ಏನು ಕಷ್ಟ?

ಬಳ್ಳಾರಿ ಬಿಳಿಕೋಲು

ಹಟ್ಟಿ ಅಣ್ಣಾ, ಇದನ್ನ ಕೇಳಿ ತುಂಬಾ ಖುಷಿಯಾಯಿತು. ಆ ದಿನ ನನ್ನ ಕಷ್ಟ ಇದೇ. ಗೋಡೆ ಸಿಕ್ಕಿತ್ತು, ದಿಕ್ಕು ಗೊತ್ತಿರಲಿಲ್ಲ. ನೆಲದ ಪಟ್ಟಿಯೂ ಹಾಗೇ. ಎರಡು ದಿಕ್ಕಿನಿಂದ ನಡೆದರೂ ಒಂದೇ ತರ ಇರುತ್ತೆ. ಬಾಗಿಲು ಯಾವ ತುದಿಗಿದೆ ಅಂತ ಅದು ಹೇಳಲ್ಲ.

ತಂಬೂರಿ, ಕುಷ್ಟಗಿ

ನಾನೂ ಅಂಧ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಸಂಗೀತ ಕಲಿತವನು. ಈಗ ಮಕ್ಕಳಿಗೆ ಪಾಠ ಹೇಳುತ್ತೇನೆ.

ಕಣ್ಣಿರುವವರು ಗಮನಿಸದ ಒಂದು ಸಂಗತಿ ಇದೆ. ನಾವು ದಿನಾ ಓಡಾಡೋದು ಹೆಚ್ಚಾಗಿ ಕಿವಿಯಿಂದ. ಕೋಲು ತಟ್ಟಿದ ಸದ್ದು ಗೋಡೆ ಹತ್ತಿರ ಒಂದು ತರ, ತೆರೆದ ಬಾಗಿಲ ಮುಂದೆ ಇನ್ನೊಂದು ತರ. ಮೆಟ್ಟಿಲಿರುವ ಜಾಗದ ಹತ್ತಿರ ದನಿ ಮೇಲೆ ಹೋಗುತ್ತೆ, ಅಲ್ಲೇ ಗೊತ್ತಾಗುತ್ತೆ ಇದು ಮೆಟ್ಟಿಲು ಅಂತ. ಬೆಂಕಿ ಬಿದ್ದಾಗ ಸೈರನ್ ಹೊಡೆಯುತ್ತೆ, ಜನ ಕೂಗುತ್ತಾರೆ. ಆಗ ಈ ಕಿವಿಯ ನಕ್ಷೆ ಪೂರ್ತಿ ಅಳಿಸಿಹೋಗುತ್ತೆ. ವಾಸನೆಯೂ ಹೋಗುತ್ತೆ, ಹೊಗೆ ಒಂದೇ ಉಳಿಯುತ್ತೆ. ನಮಗೆ ಬಾಕಿ ಇರೋದು ಕಾಲು ಮತ್ತು ಕೈ. ದಿನಾ ನಾನು ಟೈಲ್ಸ್ ಇಲ್ಲದೆಯೂ ನಡೆಯಬಲ್ಲೆ. ಆ ಹೊತ್ತಲ್ಲಿ ಆಗಲ್ಲ. ಅದಕ್ಕೇ ಈ ಗುರುತುಗಳು ಕೌಂಟರ್ ದಾರಿಗಿಂತ ಹೊರದಾರಿಗೆ ಜಾಸ್ತಿ ಬೇಕು.

ಈ ಟೈಲ್ಸ್ ಹುಟ್ಟಿದ್ದು ಜಪಾನಿನಲ್ಲಿ. ಸೇಯಿಚಿ ಮಿಯಾಕೆ ಅನ್ನುವವರು 1965ರಲ್ಲಿ ಯೋಚಿಸಿ ಮಾಡಿದರು. 1967ರ ಮಾರ್ಚ್ 18ರಂದು ಓಕಾಯಾಮಾ ಊರಿನಲ್ಲಿ, ಅಂಧರ ಶಾಲೆಯ ಹತ್ತಿರದ ರಸ್ತೆಯಲ್ಲಿ ಮೊದಲ ಸಲ ಹಾಸಿದರು. ದಾಟುವ ಜಾಗ ಗೊತ್ತಾಗಲಿ ಅಂತ ಮಾಡಿದ್ದು ಅದು. ಅಂದ್ರೆ ಅಪಾಯದಿಂದ ಉಳಿಸೋದೇ ಅದರ ಮೊದಲ ಕೆಲಸ.

ಇನ್ನೊಂದು, ಅಭ್ಯಾಸ. 2001ರ ಸೆಪ್ಟೆಂಬರ್ 11ರಂದು ದಾಳಿಗೆ ಸಿಕ್ಕ ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್ ಗೋಪುರದ 78ನೇ ಮಹಡಿಯಿಂದ ಮೈಕಲ್ ಹಿಂಗ್ಸನ್ ಅನ್ನುವ ಅಂಧರು ತಮ್ಮ ನಾಯಿ ಜೊತೆ ಮೆಟ್ಟಿಲು ಇಳಿದು ಬಂದರು. ಹೊರದಾರಿಗಳನ್ನು ಮುಂಚೆಯೇ ಕಲಿತಿಟ್ಟುಕೊಂಡಿದ್ದರು. ನನ್ನ ಶಿಷ್ಯರಿಗೆ ನಾನು ಹೇಳೋದೂ ಅದೇ. ಹೊಸ ಕಟ್ಟಡಕ್ಕೆ ಹೋದರೆ ಮೊದಲು ಮೆಟ್ಟಿಲ ಬಾಗಿಲು ಮುಟ್ಟಿ ಬಾ, ಆಮೇಲೆ ಕೂತ್ಕೋ.

ವಾರ್ಡ್ ಸಿಸ್ಟರ್, ರಾಯಚೂರು

ಬ್ರೈಲ್ ಬೋರ್ಡ್ ಹಾಕಿದರೆ ಮುಗಿಯಿತು ಅನ್ನುವವರಿಗೆ ಒಂದು ಮಾತು. ನಮ್ಮ ವಾರ್ಡಿಗೆ ಬರುವ ಕಣ್ಣು ಕಾಣದವರಲ್ಲಿ ಎಷ್ಟೋ ಜನಕ್ಕೆ ಸಕ್ಕರೆ ಕಾಯಿಲೆಯಿಂದ ದೃಷ್ಟಿ ಹೋಗಿರುತ್ತೆ. ಐವತ್ತು, ಅರವತ್ತು ವಯಸ್ಸಿನವರು. ಅವರು ಬ್ರೈಲ್ ಕಲಿತವರಲ್ಲ. ಜೊತೆಗೆ ಅದೇ ಕಾಯಿಲೆ ಬೆರಳ ತುದಿ, ಅಂಗಾಲಿನ ಸ್ಪರ್ಶವನ್ನೂ ಮಂಕು ಮಾಡಿರುತ್ತೆ. ಒಬ್ಬ ಅಜ್ಜನಿಗೆ ಅಂಗಾಲಿಗೆ ಮುಳ್ಳು ಚುಚ್ಚಿದ್ದೇ ಗೊತ್ತಿರಲಿಲ್ಲ, ಡ್ರೆಸ್ಸಿಂಗ್ ಮಾಡುವಾಗ ನಾನೇ ತೆಗೆದೆ. ಆ ಕಾಲಿಗೆ 5 ಮಿಲಿಮೀಟರ್ ಉಬ್ಬು ಏನು ಹೇಳುತ್ತೆ?

ಅಂಥವರಿಗೆ ಹಟ್ಟಿ ಅಣ್ಣ ಹೇಳಿದ ದಪ್ಪ ಗುರುತೇ ಸರಿ. ಬೆರಳಿಗಲ್ಲ, ಅಂಗೈಗೆ ಸಿಗುವಷ್ಟು ದೊಡ್ಡದು. ಬ್ರೈಲ್ ಇರಲಿ, ಅದರ ಜೊತೆ ದೊಡ್ಡ ಉಬ್ಬು ಅಕ್ಷರ, ಉಬ್ಬು ಬಾಣವೂ ಇರಲಿ. ಸ್ವಲ್ಪ ದೃಷ್ಟಿ ಉಳಿದವರಿಗೆ ಬಣ್ಣವೂ ಮುಖ್ಯ. ಬೂದು ಗ್ರಾನೈಟ್ ಮೇಲೆ ಬೂದು ಸ್ಟೀಲ್ ಗುಂಡಿ ಕೂರಿಸಿದರೆ ಚೆಂದ ಕಾಣಬಹುದು, ಅವರಿಗೆ ಏನೂ ಕಾಣಲ್ಲ.

ದಯವಿಟ್ಟು ಇನ್ನೊಂದು ನೆನಪಿಡಿ. ಹಾಸಿಗೆ ಹಿಡಿದವರು, ಡಯಾಲಿಸಿಸ್ ಯಂತ್ರಕ್ಕೆ ಸೇರಿಸಿರುವವರು ಯಾವ ಟೈಲ್ಸ್ ಹಿಡಿದೂ ಹೋಗಲಾರರು. ಅವರನ್ನು ಕರೆದೊಯ್ಯುವ ನಮಗೂ ಹೊಗೆಯಲ್ಲಿ ದಾರಿ ಬೇಕು. ಈ ಗುರುತು ನಮಗೂ ಅಷ್ಟೇ ಬೇಕಾದದ್ದು.

ಕೌಲ್ ಬಜಾರ್ ಟೈಲರ್

ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕದಲ್ಲಿ ಕೆಲಸ ಮಾಡಿದ್ದೇನೆ. ನಿಮ್ಮ ಮಾತೆಲ್ಲ ಆಸ್ಪತ್ರೆ, ಕಚೇರಿ ಬಗ್ಗೆ ಇದೆ. ನಮ್ಮಂಥ ಕಡೆ ಮನೆಯನ್ನೇ ಘಟಕ ಮಾಡಿರುತ್ತಾರೆ. ಮೇಲಿನ ಮಹಡಿಯಲ್ಲಿ ಮಿಷನ್ ಸಾಲು, ಇಳಿಯೋಕೆ ಒಂದೇ ಮೆಟ್ಟಿಲು. ಮೆಟ್ಟಿಲ ಮೇಲೆ ಕತ್ತರಿಸಿದ ಪೀಸಿನ ಬಂಡಲ್, ದಾರದ ಡಬ್ಬ. ಹಬ್ಬದ ಆರ್ಡರ್ ಇದ್ದರೆ ಒಂದು ಕಾಲಿಡೋಕೆ ಜಾಗ. ಬಟ್ಟೆ ಹತ್ತಿದರೆ ದಟ್ಟ ಹೊಗೆ ಬರುತ್ತೆ. ಅಲ್ಲಿ ಕೂತವರೆಲ್ಲ ಕಣ್ಣಿರುವವರೇ, ಆದರೂ ಮೆಟ್ಟಿಲು ಸಿಗಲ್ಲ. ಅಲ್ಲಿಗೆ ಏನು ಮಾಡಬಹುದು? ಮಾಲೀಕರು ಒಂದು ರೂಪಾಯಿ ಖರ್ಚು ಅಂದರೂ ಎರಡು ಸಲ ಯೋಚಿಸುತ್ತಾರೆ.

ನಿವೃತ್ತ ಅಗ್ನಿಶಾಮಕ, ರಾಯಚೂರು

ತಂಗೀ, ಮೊದಲು ಬಂಡಲ್ ಎತ್ತಿಸಮ್ಮ. ಅದಕ್ಕೆ ಖರ್ಚಿಲ್ಲ. ಆಮೇಲೆ ಮಿಷನ್ ಸಾಲಿನ ತುದಿಯಿಂದ ಮೆಟ್ಟಿಲ ತನಕ ಗೋಡೆಗೆ ಸೊಂಟದ ಎತ್ತರದಲ್ಲಿ ಒಂದು ಗಟ್ಟಿ ಹಗ್ಗ, ಕೊಕ್ಕೆ ಹಾಕಿ ಬಿಗಿಯಾಗಿ ಕಟ್ಟಿಸಿ. ನೈಲಾನ್ ಬೇಡ, ಬಿಸಿಗೆ ಕರಗುತ್ತೆ. ಕಬ್ಬಿಣದ ಕಂಬಿಯಾದರೆ ಇನ್ನೂ ಒಳ್ಳೇದು. ಮೆಟ್ಟಿಲ ಹತ್ತಿರ ಬಂದಾಗ ಕೈಗೆ ತಿಳಿಯುವ ಹಾಗೆ ಎರಡು ಬಳೆ ಬೆಸುಗೆ ಹಾಕಿಸಿ. ಎಲ್ಲರೂ ಕಣ್ಣು ಮುಚ್ಚಿಕೊಂಡು ಒಮ್ಮೆ ಆ ಕಂಬಿ ಹಿಡಿದು ಕೆಳಗೆ ಇಳಿದು ನೋಡಿ. ಏನು ತಪ್ಪಿದೆ ಅಂತ ನಿಮಗೇ ಗೊತ್ತಾಗುತ್ತೆ. ಬಾಗಿಲು ಮುಚ್ಚಿದ್ದರೆ ಅಂಗೈ ಇಡಬೇಡಿ, ಕೈಯ ಹಿಂಭಾಗದಿಂದ ಮುಟ್ಟಿ. ಬಿಸಿ ಇದ್ದರೆ ತೆಗೆಯಬೇಡಿ. ಹೊರಗೆ ಬಂದ ಮೇಲೆ 112ಕ್ಕೆ ಫೋನ್ ಮಾಡಿ.

ಗಾರೆ ಮೇಸ್ತ್ರಿ, ಗಂಗಾವತಿ

ಟೈಲ್ಸ್ ಹಾಕುವವನು ನಾನು, ಹಾಗಾಗಿ ಹೇಳ್ತೀನಿ. ಕಟ್ಟಡ ಮುಗಿದ ಮೇಲೆ ಅವಸರಕ್ಕೆ ತಂದು ಅಂಟಿಸುವ ಪ್ಲಾಸ್ಟಿಕ್ ಪಟ್ಟಿ ನಮ್ಮ ಕಡೆಯ ಬಿಸಿಲಿಗೆ ನಿಲ್ಲಲ್ಲ. ಗಮ್ ಬಿಟ್ಟು ಮೂಲೆ ಏಳುತ್ತೆ, ಅದಕ್ಕೇ ಜನ ಎಡವೋದು. ಹೊರಗಡೆ ಕಾಂಕ್ರೀಟ್ ಟೈಲ್ಸ್, ಒಳಗಡೆ ವಿಟ್ರಿಫೈಡ್. ನೆಲದ ಜೊತೆಗೇ ಹಾಸಬೇಕು.

ಗೆರೆ ಕೊರೆದು ಕೊಡಿ ಅಂತಾನೂ ಕೆಲವರು ಹೇಳುತ್ತಾರೆ. ಗ್ರೈಂಡರ್ ಹಿಡಿದು ಶಹಾಬಾದ್ ಕಲ್ಲಿಗೆ ಗೆರೆ ಹೊಡೆಯೋದು ಸುಲಭ. ಆದರೆ ಮಣ್ಣು ತುಂಬಿ ಸಮ ಆಗಿಬಿಡುತ್ತೆ. ಉಬ್ಬೇ ಬೇಕು.

ಎಂಜಿನಿಯರ್ ಸಾಹೇಬ್ರು ಸೈಟಿಗೆ ಬಂದಾಗ ಎಲ್ಲಿಂದ ಎಲ್ಲಿಗೆ ಅಂತ ಸೀಮೆಸುಣ್ಣದಲ್ಲಿ ಬರೆದುಕೊಟ್ಟರೆ ನಾವು ಹಾಸುತ್ತೇವೆ. ಡ್ರಾಯಿಂಗ್‌ನಲ್ಲಿ ಇಲ್ಲ ಅಂದ್ರೆ ಟೈಲ್ಸ್ ಉಳಿದಷ್ಟು ದೂರ ಹಾಸಿ ಬಿಡೋದು. ಬಾಗಿಲ ಮುಂದೆ ಹಾಸಿದ ಚುಕ್ಕಿ ಟೈಲ್ಸ್ ಮೇಲೆ ಕಾಲೊರಸುವ ಚಾಪೆ, ಹೂಕುಂಡ ಇಟ್ಟಿರೋದನ್ನೂ ನೋಡಿದ್ದೇನೆ. ಬೇಸರ ಆಗುತ್ತೆ.

ಬಳ್ಳಾರಿ ಬಿಳಿಕೋಲು

ಎಲ್ಲರಿಗೂ ಧನ್ಯವಾದ. ನಮ್ಮ ಕಚೇರಿಗೆ ಮತ್ತು ಜಿಲ್ಲೆಯ ವಿಕಲಚೇತನರ ಇಲಾಖೆಗೆ ಒಂದು ಮನವಿ ಬರೆಯುತ್ತಿದ್ದೇನೆ. ಸುಮ್ನೆ ಸೌಲಭ್ಯ ಕೊಡಿ ಅಂದರೆ ಕಡತದಲ್ಲಿ ಉಳಿಯುತ್ತೆ. ಏನೇನು ಕೇಳಬೇಕು ಅಂತ ಅಳತೆ ಸಮೇತ ಹೇಳಿ.

ಕೊಪ್ಪಳ ಸೈಟ್ ಎಂಜಿನಿಯರ್

ಬರೆದುಕೊಳ್ಳಿ ಸರ್. ಪ್ರತಿ ಮಹಡಿಯಲ್ಲೂ ಜನ ಕೂರುವ ಜಾಗದಿಂದ ತುರ್ತು ಮೆಟ್ಟಿಲ ಬಾಗಿಲ ತನಕ ಪಟ್ಟಿ ಟೈಲ್ಸ್ ಇರಲಿ. ಮೆಟ್ಟಿಲು ಶುರುವಾಗುವುದಕ್ಕೆ 300 ಮಿಲಿಮೀಟರ್ ಮುಂಚೆ ಚುಕ್ಕಿ ಟೈಲ್ಸ್, ಮೇಲೂ ಕೆಳಗೂ. ಹಿಡಿಕಂಬಿ ಎರಡೂ ಬದಿಗೆ, ಕೊನೆ ಮೆಟ್ಟಿಲು ದಾಟಿ ಇನ್ನೂ 300 ಮಿಲಿಮೀಟರ್ ಮುಂದಕ್ಕೆ. ಕಂಬಿ ಮುಗಿದ ಜಾಗವೇ ಮೆಟ್ಟಿಲು ಮುಗಿದ ಜಾಗ ಆಗಿಬಿಟ್ಟರೆ ಕೈ ಮೋಸ ಹೋಗುತ್ತೆ.

ಬಾಗಿಲ ಗುರುತನ್ನು ಬಾಗಿಲ ಮೇಲೆ ಹಾಕಿಸಬೇಡಿ. ಯಾರಾದರೂ ಬಾಗಿಲು ತೆಗೆದಿಟ್ಟರೆ ಗುರುತು ಸಿಗಲ್ಲ, ಓದುತ್ತಾ ನಿಂತವರಿಗೆ ಬಾಗಿಲು ಬಡಿಯುತ್ತೆ. ಹಿಡಿಕೆ ಇರುವ ಕಡೆಯ ಗೋಡೆಗೆ ಹಾಕಿಸಿ. ಅಮೆರಿಕದ ಮಾನದಂಡದಲ್ಲಿ ಉಬ್ಬು ಅಕ್ಷರ ನೆಲದಿಂದ 48ರಿಂದ 60 ಇಂಚಿನ ಒಳಗೆ ಇರಬೇಕು ಅಂತಿದೆ. ಎಲ್ಲ ಬಾಗಿಲಿಗೂ ಒಂದೇ ಎತ್ತರ ಇದ್ದರೆ ಕೈ ತಾನಾಗಿ ಅಲ್ಲಿಗೇ ಹೋಗುತ್ತೆ.

ನನ್ನ ಪ್ರಕಾರ ಎಲ್ಲಕ್ಕಿಂತ ಅಪಾಯ ನೆಲಮಹಡಿಯಲ್ಲಿದೆ. ಮೆಟ್ಟಿಲು ನೆಲಮಹಡಿಗೆ ನಿಲ್ಲದೆ ಬೇಸ್‌ಮೆಂಟ್ ಪಾರ್ಕಿಂಗ್‌ಗೆ ಹೋಗುವ ಕಟ್ಟಡಗಳಿವೆ. ಕಂಬಿ ಹಿಡಿದು ಇಳಿಯುವವರು ಹೊರಬಾಗಿಲು ದಾಟಿ ಕೆಳಗೆ ಹೋಗಿಬಿಡುತ್ತಾರೆ, ಹೊಗೆಯಲ್ಲಿ ಕಣ್ಣಿದ್ದವರೂ ಅಷ್ಟೇ. ಅಲ್ಲಿ ಕಂಬಿ ಕಡಿಯಬೇಕು, ಕೆಳಗೆ ಹೋಗುವ ಮೆಟ್ಟಿಲಿಗೆ ತಾನಾಗಿ ಮುಚ್ಚಿಕೊಳ್ಳುವ ಗೇಟ್ ಬೇಕು. ಕಂಬಿ ಮೇಲೆ ಅಂಗೈಗೆ ಸಿಗುವ ದಪ್ಪ ಗುಂಡು ಕೂರಿಸಿ. ಅಮೆರಿಕದ ಲಿಫ್ಟ್‌ಗಳಲ್ಲಿ ಹೊರಬಾಗಿಲಿರುವ ಮಹಡಿಯ ಗುಂಡಿ ಪಕ್ಕ ಉಬ್ಬು ನಕ್ಷತ್ರ ಇರುತ್ತೆ, ಅದೇ ಉಪಾಯ.

ಹೊಸ ಕಟ್ಟಡವಾದರೆ ಎಸ್ಟಿಮೇಟ್ ಹಂತದಲ್ಲೇ ಹಿಡಿಯಿರಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಅನುದಾನದಲ್ಲಿ ನಮ್ಮ ಕಡೆ ಆಸ್ಪತ್ರೆ, ಶಾಲೆ ಕೊಠಡಿ ಆಗುತ್ತಲೇ ಇವೆ. ಟೆಂಡರ್ ಆದಮೇಲೆ ಸೇರಿಸೋದು ಬಲು ಕಷ್ಟ.

ಸಿಂಧನೂರು ರೈತ

ಹಿಡಿಕಂಬಿ ಮಾತು ನನಗೆ ಒಪ್ಪಿಗೆ ಆಯಿತು. ನಮ್ಮ ತಾಲ್ಲೂಕು ಆಸ್ಪತ್ರೆ ಕಾರಿಡಾರ್‌ಗೆ ಕೇಳುವವನು ನಾನೂ ಒಬ್ಬ. ಬಿಳಿಕೋಲು ಅವರೇ, ಮನವಿಯ ಒಂದು ಪ್ರತಿ ಇಲ್ಲಿ ಹಾಕಿ. ಊರ ಹೆಸರು ಬದಲಿಸಿ ನಾವೂ ಕೊಡ್ತೀವಿ.

ಬಳ್ಳಾರಿ ಬಿಳಿಕೋಲು

ಖಂಡಿತ ಹಾಕ್ತೀನಿ ಅಣ್ಣಾ. ಒಂದು ಸಾಲು ಹೊಸದಾಗಿ ಸೇರಿಸಿದ್ದೇನೆ: ಬಿಲ್ ಪಾಸ್ ಮಾಡುವ ಮುಂಚೆ ಕಣ್ಣು ಕಾಣದವರೊಬ್ಬರನ್ನು ಮೇಲಿನ ಮಹಡಿಗೆ ಕರೆದೊಯ್ದು, ಯಾರ ಸಹಾಯವೂ ಇಲ್ಲದೆ ಹೊರಬಾಗಿಲಿಗೆ ಬರಲು ಹೇಳಬೇಕು. ಬರಲಾಗದಿದ್ದರೆ ಕೆಲಸ ಮುಗಿದಿಲ್ಲ ಅಂತ ಬರೆಯಬೇಕು. ಬಳ್ಳಾರಿಯಲ್ಲಿ ಯಾವ ಕಟ್ಟಡಕ್ಕೆ ಕರೆದರೂ ನಾನು ಬರ್ತೀನಿ.

ತಂಬೂರಿ, ಕುಷ್ಟಗಿ

ಕೊಪ್ಪಳ ಜಿಲ್ಲೆಗೆ ನಾನಿದ್ದೇನೆ. ಸೈರನ್ ಹಾಕಿಸಿಯೇ ಪರೀಕ್ಷೆ ಮಾಡಿಸಿ ಅಂತಲೂ ಬರೆಯಿರಿ.